ತೆಗ್ದಿದ್ದು ಹಾಕು

7 ಫೆಬ್ರವರಿ 2025, ಶುಕ್ರವಾರ

ಮಹಜರು. ಸೊರಬ ತಾಲ್ಲೂಕು, ನಮ್ಮ ಮನೆಯ ಅಂಗಳ, ಬೆಳಿಗ್ಗೆ ಆರೂಕಾಲು ಗಂಟೆ. ಸದರಿ ಅಂಗಳದಲ್ಲಿ ನಿಂತಿದ್ದ ಇಪ್ಪತ್ತೆರಡು ವರ್ಷ ಪ್ರಾಯದ ಬಿಳಿ ಕಾರೊಂದು ಯಾವುದೇ ಮುನ್ಸೂಚನೆ ನೀಡದೆ ಸ್ಟಾರ್ಟ್ ಆಗಲು ನಿರಾಕರಿಸಿರುತ್ತದೆ. ಹಾಜರಿದ್ದವರು: ಕಾರಿನ ಮಾಲೀಕನೂ ರೋಗಿಯೂ ಆದ ನನ್ನ ಅಪ್ಪ ದೇವರಾಜ. ಅಮ್ಮ ಶಶಿರೇಖಾ, ಕೈಯಲ್ಲಿ ಆಸ್ಪತ್ರೆಯ ಚೀಲ. ಅಪ್ಪನ ತಾಯಿ ಗುಡ್ಡಮ್ಮಜ್ಜಿ, ಕೈಯಲ್ಲಿ ಪೊರಕೆ. ಕೊನೆಯದಾಗಿ ಚಾಲಕಿಯೂ ಈ ಮಹಜರಿನ ಬರಹಗಾರ್ತಿಯೂ ಆದ ಮೈತ್ರಿ, ಅಂದರೆ ನಾನು. ತಾಲ್ಲೂಕು ಕಚೇರಿಯ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ದಿನವಿಡೀ ಅರ್ಜಿ ಟೈಪ್ ಮಾಡುವವಳಿಗೆ ಬೇರೆ ಭಾಷೆ ಬರುವುದಿಲ್ಲ. ದೇವರ ಮುಂದೆ ನಿಂತರೂ 'ಈ ಮೂಲಕ ಕೋರಿಕೊಳ್ಳುವುದೇನೆಂದರೆ' ಎಂದೇ ಶುರುವಾಗುತ್ತದೆ.

ಸೆಲ್ಫ್ ಹೊಡೆದೆ. ಇಂಜಿನ್ ಕಿರ್ ಕಿರ್ ಎಂದು ತಿರುಗಿತು, ಹಿಡಿಯಲಿಲ್ಲ. ಇನ್ನೊಮ್ಮೆ. ಹಿಡಿಯಲಿಲ್ಲ. ಯಾರೂ ಕಾರನ್ನು ನೋಡಲಿಲ್ಲ. ಎಲ್ಲರೂ ನನ್ನನ್ನು ನೋಡಿದರು.

"ತೆಗ್ದಿದ್ದು ಹಾಕು," ಅಂದಳು ಅಮ್ಮ.

ಇದಕ್ಕೆ ಹೊಣೆ ನಾನೇ. ಹೋದ ದೀಪಾವಳಿಗೆ ಅಮ್ಮನ ತವರಿಗೆ ಹೊರಟಾಗ ಕಾರಿನ ಫ್ಯೂಸ್ ಕಿತ್ತು, ಇಡೀ ಸಂಸಾರವನ್ನು ಒಂದು ಗಂಟೆ ಸೀಟಿನಲ್ಲಿ ಕೂರಿಸಿ, ಕೊನೆಗೆ ಹೋಳಿಗೆ ಡಬ್ಬಿಯಿಂದ ಅದನ್ನು ತೆಗೆದುಕೊಟ್ಟಿದ್ದೆ. ಅದಕ್ಕೂ ಮುಂಚೆ ಬೆಕ್ಕಿನ ಹೆಸರಿಗೆ ಒಂದು ಪಹಣಿ ಟೈಪ್ ಮಾಡಿ, ಅಡುಗೆಮನೆ ಈಗ ಬೆಕ್ಕಿನ ಖಾತೆಗೆ ಹೋಗಿದೆ ಎಂದು ಅಜ್ಜಿಗೆ ಓದಿ ಹೇಳಿದ್ದೆ. ಅಜ್ಜಿ ಎರಡು ದಿನ ಬೆಕ್ಕಿಗೆ ಮರ್ಯಾದೆ ಕೊಟ್ಟಳು. ದೀಪಾವಳಿಯ ದಿನ ನಕ್ಕವನು ಅಪ್ಪ ಒಬ್ಬನೇ, ಕೆಮ್ಮು ಬರುವಷ್ಟು ನಕ್ಕ. ಅವತ್ತಿನಿಂದ ಈ ಮನೆಯಲ್ಲಿ ಮಿಕ್ಸಿ ಕೆಟ್ಟರೂ ಕರೆಂಟ್ ಹೋದರೂ ನನಗೆ ಒಂದೇ ಆಜ್ಞೆ: ತೆಗ್ದಿದ್ದು ಹಾಕು.

"ನಾನು ತೆಗ್ದಿಲ್ಲ ಅಮ್ಮಾ. ಫ್ಯೂಸ್ ಅಲ್ಲೇ ಇದೆ, ನೋಡು ಬಾ."

"ಇವತ್ತು ಆಟ ಬೇಡ ಮಾರಾಯ್ತಿ. ಎಂಟು ಗಂಟೆಗೆ ಮಿಷನ್."

ಅಪ್ಪನ ಎರಡೂ ಕಿಡ್ನಿ ಕೈಕೊಟ್ಟು ಹದಿನಾಲ್ಕು ತಿಂಗಳಾಯಿತು. ಮಂಗಳವಾರ, ಶುಕ್ರವಾರ ಶಿಕಾರಿಪುರಕ್ಕೆ ಹೋಗಿ ನಾಲ್ಕು ಗಂಟೆ ಡಯಾಲಿಸಿಸ್ ಮಿಷನ್ನಿಗೆ ಕೈ ಕೊಟ್ಟು ಮಲಗಬೇಕು. ರಕ್ತ ಹೊರಗೆ ಹೋಗಿ ತೊಳೆದುಕೊಂಡು ಒಳಗೆ ಬರುತ್ತದೆ. ತಪ್ಪಿಸಿದರೆ ನೀರು ಮೈಯಲ್ಲೇ ನಿಲ್ಲುತ್ತದೆ, ವಿಷ ರಕ್ತದಲ್ಲೇ ಉಳಿಯುತ್ತದೆ. ಬಸ್ಸಿಗೆ ಅಪ್ಪ ಒಪ್ಪುವುದಿಲ್ಲ. ಸೊರಬ-ಶಿಕಾರಿಪುರ ರೂಟಿನಲ್ಲಿ ಹತ್ತೊಂಬತ್ತು ವರ್ಷ ಖಾಸಗಿ ಬಸ್ ಓಡಿಸಿದವನು ಅದೇ ಬಸ್ಸಿನ ಕಂಬಿ ಹಿಡಿದು ವಾಂತಿ ಮಾಡಿಕೊಳ್ಳಲು ತಯಾರಿಲ್ಲ.

ಏಳೂವರೆಯವರೆಗೆ ಸೆಲ್ಫ್ ಹೊಡೆದೆ. ಕೊನೆಗೆ ಜಗುಲಿಯ ಕುರ್ಚಿಯಿಂದ ಅಪ್ಪ "ಹೋಲ್ಡಾನ್" ಅಂದ. ನಮ್ಮಲ್ಲಿ ಎಲ್ಲವೂ ಬಸ್ಸಿನ ಭಾಷೆ: ನಿಲ್ಲಲು ಹೋಲ್ಡಾನ್, ಹೊರಡಲು ರೈಟ್. ಪಕ್ಕದ ಸೀಟಿನಿಂದ ಅಪ್ಪ ರೈಟ್ ಅನ್ನದೆ ನಾನು ಗೇರ್ ಹಾಕುವಂತಿಲ್ಲ. ಡ್ರೈವಿಂಗ್ ಕಲಿಸಿದ ಗುರುವಿನ ಷರತ್ತು ಅದು.

"ಬ್ಯಾಟ್ರಿ ಸಾಯ್ತದೆ, ಬಿಡು. ಮಂಗಳವಾರ ಹೋದ್ರಾಯ್ತು."

ಮಧ್ಯಾಹ್ನ ಸೊರಬದಿಂದ ಮೆಕ್ಯಾನಿಕ್ ಯತೀಶಣ್ಣ ಬಂದು ಕೀ ತಿರುಗಿಸಿದ. ಒಂದೇ ಸಲಕ್ಕೆ ಹಿಡಿಯಿತು. ಅವನು ನನ್ನ ಮುಖ ನೋಡಿದ, ನಾನು ಕಾರಿನ ಮುಖ ನೋಡಿದೆ.

ಷರಾ: ಕಾರು ಸುಳ್ಳುಗಾರ.

11 ಫೆಬ್ರವರಿ, ಮಂಗಳವಾರ

ಕಾರು ಮಹಾರಾಜರು ಈ ದಿನ ಒಂದೇ ಕೂಗಿಗೆ ಎದ್ದು ಸವಾರಿ ಹೊರಟರು.

ಆಸ್ಪತ್ರೆಯಲ್ಲಿ ಗಂಗಾಶ್ರೀ ಸಿಸ್ಟರ್ ಅಪ್ಪನನ್ನು ತೂಕದ ಮಿಷನ್ ಮೇಲೆ ನಿಲ್ಲಿಸಿ ಮುಖ ಗಂಟಿಕ್ಕಿದರು. "ಯಾಕ್ರೀ ದೇವರಾಜಣ್ಣ, ಶುಕ್ರವಾರ ಬರ್ಲೇ ಇಲ್ಲ. ನಾಲ್ಕು ಕೇಜಿ ಏರೈತೆ ನೋಡ್ರಿ. ಎಲ್ಲಾ ನೀರು."

"ಕಾರು ಕೆಟ್ಟಿತ್ತು ಸಿಸ್ಟರ್."

"ಕಾರಿಗೆ ಊರ ತುಂಬ ಮೆಕ್ಯಾನಿಕ್ ಅದಾರ್ರೀ. ನಿಮಗೆ ಇರೋದು ಇದೊಂದೇ ಮಿಷನ್."

ಪಕ್ಕದ ಹಾಸಿಗೆಯ ಮೇಷ್ಟ್ರು ಇರಲಿಲ್ಲ. ಒಂದು ವರ್ಷದಿಂದ ಅಪ್ಪನೂ ಅವರೂ ಮಲಗಿದಲ್ಲೇ ರಾಜಕೀಯ ಮಾತಾಡಿ ಜಗಳವಾಡುತ್ತಿದ್ದರು. ಆ ಹಾಸಿಗೆಗೆ ಒಗೆದ ಬೆಡ್‌ಶೀಟ್ ಹಾಸಿತ್ತು. ಅಪ್ಪ ಆ ಕಡೆಗೆ ಬೆನ್ನು ಮಾಡಿ ಮಲಗಿದ.

ವಾಪಸ್ ಹೊರಡುವಾಗ ಅಪ್ಪ ರೈಟ್ ಅನ್ನುವುದು ಮರೆತ. ನಾನೇ ನೆನಪು ಮಾಡಬೇಕಾಯಿತು.

14 ಫೆಬ್ರವರಿ, ಶುಕ್ರವಾರ

ಮತ್ತೆ ನಿರಾಕರಣೆ. ಈ ಸಲ ಸದರಿ ಕಾರಿನ ಮೇಲೆ ತನಿಖಾ ಆಯೋಗವನ್ನೇ ಕೂರಿಸಿದೆ. ಅಧ್ಯಕ್ಷೆ ನಾನು, ಸದಸ್ಯೆ ಅಜ್ಜಿ. ಬ್ಯಾಟರಿಯ ತುದಿಯಲ್ಲಿ ಬಿಳಿ ಪುಡಿ ಕೂತಿತ್ತು, ಬಿಸಿನೀರು ಸುರಿದು ಉಜ್ಜಿದೆ. ಪೆಟ್ರೋಲ್ ಇದೆ, ವಾಸನೆಯೂ ಬರುತ್ತಿದೆ. ಇಲಿ ವೈರ್ ಕಡಿದಿರಬಹುದು ಎಂದು ಟಾರ್ಚ್ ಹಿಡಿದು ಹುಡುಕಿದರೆ ಒಂದು ಒಣ ಗೇರುಬೀಜ ಸಿಕ್ಕಿತು, ಇಲಿ ಸಿಗಲಿಲ್ಲ. ಸದಸ್ಯೆ ತಮ್ಮ ಭಿನ್ನಮತದ ತೀರ್ಪಿನಂತೆ ಮುಂದಿನ ಚಕ್ರಕ್ಕೆ ನಿಂಬೆಹಣ್ಣು ಇಟ್ಟು, ನನ್ನ ಕಿವಿಯ ಹತ್ತಿರ ಬಂದು, "ತೆಗ್ದಿದ್ ಹಾಕೇ ಹುಡುಗಿ. ನಾನು ಯಾರಿಗೂ ಹೇಳಲ್ಲ," ಅಂದರು.

ಅಮ್ಮ ಪಕ್ಕದ ಮನೆಯವರ ಗೂಡ್ಸ್ ಆಟೋ ತಂದಳು. ಶಿಕಾರಿಪುರ ಮುಟ್ಟುವಷ್ಟರಲ್ಲಿ ಅಪ್ಪ ಎರಡು ಸಲ ವಾಂತಿ ಮಾಡಿಕೊಂಡ. ಮಿಷನ್ ಹತ್ತೂವರೆಗೆ ಸಿಕ್ಕಿತು, ಅದೂ ಎರಡೂವರೆ ಗಂಟೆ ಮಾತ್ರ.

ಹೊರಡುವ ಗಡಿಬಿಡಿಯಲ್ಲಿ ಇನ್ನೊಂದು ಆರೋಪವೂ ದಾಖಲಾಯಿತು. ಅಪ್ಪ ಕಾಫಿ ಕುಡಿದಿಟ್ಟ ಲೋಟದ ಮೇಲೆ ಕಪ್ಪು ಹೆಬ್ಬೆರಳಿನ ಗುರುತು. "ಗ್ರೀಸ್ ಕೈಯಲ್ಲೇ ಲೋಟ ಮುಟ್ಟಿದೀಯಲ್ಲ," ಅಂದಳು ಅಮ್ಮ. ಆರೋಪಿ ಒಪ್ಪಿಕೊಂಡು ತೊಳೆದಿಟ್ಟಳು.

15 ಫೆಬ್ರವರಿ, ಶನಿವಾರ

ಬೆಳಿಗ್ಗೆ ಎದ್ದು ಸುಮ್ಮನೆ ಕೀ ತಿರುಗಿಸಿದೆ. ಹಿಡಿಯಿತು. ಆಫ್ ಮಾಡಿ ಮತ್ತೆ ತಿರುಗಿಸಿದೆ. ಹಿಡಿಯಿತು. ಹೀಗೆ ಒಂಬತ್ತು ಸಲ. ಬಾನೆಟ್ ಮೇಲೆ ಕೈಯಿಟ್ಟು, ಅದರ ಕಿವಿಗೆ ಬೀಳುವಂತೆ, ಗುಜರಿ ಅಂಗಡಿಯವನ ಹೆಸರು ಹೇಳಿದೆ.

18 ಫೆಬ್ರವರಿ, ಮಂಗಳವಾರ

ಹಿಡಿಯಲಿಲ್ಲ. ಗೂಡ್ಸ್ ಆಟೋ ಗುಡವಿ ಕಡೆ ಲೋಡ್ ತರಲು ಹೋಗಿತ್ತು. ಅಪ್ಪ, "ಇವತ್ತು ಉಸಿರು ಚೆನ್ನಾಗಿದೆ, ಶುಕ್ರವಾರ ಹೋಗಾಣ," ಅಂದ. ಅಮ್ಮ ಚೀಲವನ್ನು ಮೊಳೆಗೆ ತೂಗುಹಾಕಿದಳು. ಆಮೇಲೆ ನನ್ನ ಜೊತೆ ಮಾತಾಡಿಲ್ಲ. ಊಟಕ್ಕೂ ಅಜ್ಜಿಯ ಕೈಲಿ ಕರೆಸಿದಳು.

ಸಂಜೆ ಅಪ್ಪನ ಪಾದಕ್ಕೆ ಎಣ್ಣೆ ಹಚ್ಚಿದೆ. ಹೆಬ್ಬೆರಳಿನಿಂದ ಒತ್ತಿದರೆ ಗುಳಿ ಬೀಳುತ್ತದೆ. ತೆಗೆದರೂ ಗುಳಿ ಹಾಗೇ ಇರುತ್ತದೆ. ಎಷ್ಟು ಹೊತ್ತಿಗೆ ತುಂಬಿಕೊಳ್ಳುತ್ತದೆ ಎಂದು ಎಣಿಸಿದೆ. ಮೂವತ್ತೆಂಟು.

ಯತೀಶಣ್ಣನಿಗೆ ಫೋನ್ ಮಾಡಿದಾಗ ಅವನು ನಗಲಿಲ್ಲ. "ಮಂಗಳವಾರ ಶುಕ್ರವಾರ ಮಾತ್ರ ಕೆಡೋ ಗಾಡಿನ ನನ್ನ ಸರ್ವಿಸಲ್ಲೇ ನೋಡಿಲ್ಲ ಮೈತ್ರಿ. ಮುಂದಿನ ಸಲ ಕೆಟ್ಟಾಗ ಬೇರೆ ಏನೂ ಮುಟ್ಟಬೇಡ. ಅಲ್ಲಿಂದಲೇ ನನಗೆ ಫೋನ್ ಹಚ್ಚು."

21 ಫೆಬ್ರವರಿ, ಶುಕ್ರವಾರ

ಹಿಡಿಯಲಿಲ್ಲ. ಫೋನ್ ಹಚ್ಚಿದೆ.

"ಇಂಜಿನ್ ತಿರುಗ್ತದೆ, ಪೆಟ್ರೋಲ್ ಬರ್ತದೆ. ಹಾಗಾದ್ರೆ ಪ್ಲಗ್ಗಿಗೆ ಕರೆಂಟ್ ಹೋಗ್ತಿಲ್ಲ," ಅಂದ ಯತೀಶಣ್ಣ. "ದಪ್ಪ ವೈರೆಲ್ಲ ಬಂದು ಸೇರೋ ಕರೀ ಮುಚ್ಚಳ ಕಾಣ್ತದಾ? ಎರಡು ಕ್ಲಿಪ್ ಇದೆ, ಬಿಚ್ಚು."

"ಬಿಚ್ಚಿದೆ."

"ಒಳಗೆ ಮಧ್ಯದಲ್ಲಿ ಹೆಬ್ಬೆಟ್ಟಿನಷ್ಟು ದೊಡ್ಡ ಕಂದು ತುಂಡು ಇರ್ತದೆ. ರೋಟರ್ ಅಂತಾರೆ, ಪ್ಲಗ್ಗಿಗೆ ಕರೆಂಟ್ ಹಂಚೋದು ಅದೇ. ಅದನ್ನ ಅಲ್ಲಾಡಿಸಿ ನೋಡು."

"ಯತೀಶಣ್ಣ, ಇಲ್ಲಿ ಎಂತದೂ ಇಲ್ಲ. ಒಂದು ಕಡ್ಡಿ ನಿಂತಿದೆ ಅಷ್ಟೆ."

"ನೀನು ತೆಗ್ದಿಲ್ವಾ?"

"ಅದರ ಹೆಸರು ಕೇಳಿದ್ದೇ ಈಗ."

"ನಿಮ್ಮಪ್ಪ ಬಸ್ಸಿಗೆ ಮುಂಚೆ ಬಾಡಿಗೆ ಕಾರು ಓಡಿಸ್ತಿದ್ದ. ಚಂದ್ರಗುತ್ತಿಗೆ ಜನ ಕರ್ಕೊಂಡು ಹೋದ್ರೆ, ಗಾಡಿ ಯಾರೂ ಕದೀಬಾರ್ದು ಅಂತ ಅದನ್ನ ಕಿತ್ತು ಜೇಬಿಗೆ ಹಾಕ್ಕೊಂಡೇ ಗುಡ್ಡ ಹತ್ತೋನು. ನನಗೆ ತೋರ್ಸಿದ್ದೇ ಅವನು." ಇಷ್ಟು ಹೇಳಿ ಫೋನ್ ಇಟ್ಟುಬಿಟ್ಟ.

ಬಾನೆಟ್ಟಿನ ಪಕ್ಕದಿಂದ ಇಣುಕಿದೆ. ಅಪ್ಪ ಜಗುಲಿಯ ಕುರ್ಚಿಯಲ್ಲಿ ಕೂತಿದ್ದ. ಬಲಗೈ ಸ್ವೆಟರಿನ ಜೇಬಿನಲ್ಲಿತ್ತು. ನನ್ನನ್ನೇ ನೋಡುತ್ತಿದ್ದ. ಲೋಟದ ಮೇಲಿನ ಗುರುತು ನೆನಪಾಯಿತು. ಬಸ್ ಓಡಿಸುತ್ತಿದ್ದ ಕಾಲದಿಂದಲೂ ಈ ಮನೆಯಲ್ಲಿ ಮೊದಲು ಏಳುವವನು ಅವನೇ.

ಮೆಟ್ಟಿಲು ಹತ್ತಿ ಹೋಗಿ ಕೈ ಚಾಚಿದೆ. ಅಪ್ಪ ಜೇಬಿನಿಂದ ತೆಗೆದು ನನ್ನ ಅಂಗೈಯಲ್ಲಿಟ್ಟ. ಬೆಚ್ಚಗಿತ್ತು.

ಅಷ್ಟರಲ್ಲಿ ಅಮ್ಮ ಚೀಲ ಹಿಡಿದು ಹೊರಗೆ ಬಂದಳು. "ಎಂತದದು ಕೈಯಲ್ಲಿ?"

"ಕಾರಿಂದು."

"ಯಾರು ತೆಗ್ದದ್ದು?"

ಅಪ್ಪ ಬಾಯಿ ತೆರೆದ. ನಾನು ಮುಂಚೆ ಹೇಳಿದೆ. "ನಾನೇ."

ಅಮ್ಮ ಹೊಡೆದಳು. ನಾನು ದೊಡ್ಡವಳಾದ ಮೇಲೆ ಹೊಡೆದದ್ದು ಇದೇ ಮೊದಲು. "ಅಪ್ಪನ ಜೀವದ ಜೊತೆಗೂ ಆಟ ಆಡ್ತೀಯಲ್ಲೇ," ಅಂದಳು, ಮೆತ್ತಗೆ, ಅಕ್ಕಪಕ್ಕದವರಿಗೆ ಕೇಳದ ಹಾಗೆ. ನನ್ನ ಜೊತೆ ಒಂದೇ ಕಾರಿನಲ್ಲಿ ಕೂರುವುದಿಲ್ಲ ಎಂದು ಚೀಲ ಅಪ್ಪನ ಮಡಿಲಲ್ಲಿಟ್ಟು ಒಳಗೆ ಹೋದಳು. ಅಜ್ಜಿ ಪೊರಕೆ ಹಿಡಿದು ನಿಂತೇ ಇದ್ದಳು, ಗುಡಿಸಲಿಲ್ಲ.

ತುಂಡನ್ನು ಕಡ್ಡಿಗೆ ಸಿಕ್ಕಿಸಿ ಮುಚ್ಚಳ ಹಾಕಿದೆ. ಒಂದೇ ಸಲಕ್ಕೆ ಹಿಡಿಯಿತು.

ಶಿರಾಳಕೊಪ್ಪ ದಾಟಿದ ಮೇಲೆ ನಾನು, "ಯಾಕಪ್ಪ?" ಅಂದೆ.

"ಇದು ರೂಟಲ್ಲ ಮಗಾ. ರೂಟ್ ಅಂದ್ರೆ ಕೊನೇ ಸ್ಟಾಪ್ ಅಂತ ಒಂದು ಇರ್ತದೆ. ಇದಕ್ಕೆ ಇಲ್ಲ. ಹೋಗಿ ಬರೋದು, ಹೋಗಿ ಬರೋದು. ಸೂಜಿ ಚುಚ್ಚಿ ಚುಚ್ಚಿ ಕೈ ನೋಡು, ಹಾಗಲಕಾಯಿ ಆಗಿದೆ."

"ಹಾಗಂತ ಅಮ್ಮಂಗೆ ಹೇಳ್ಬಹುದಿತ್ತಲ್ಲ."

"ಅವಳು ಐದು ಗಂಟೆಗೇ ಎದ್ದು ಚೀಲ ಹಿಡ್ಕೊಂಡು ನಿಂತಿರ್ತಾಳೆ. ಆ ಮುಖ ನೋಡಿ ನಾನು ಬರಲ್ಲ ಅನ್ನೋಕೆ ಆಗ್ತದಾ? ಗಾಡಿನೇ ಬರಲ್ಲ ಅಂದ್ರೆ ಯಾರ ತಪ್ಪೂ ಅಲ್ಲ."

"ನನ್ನ ತಪ್ಪಾಯ್ತಲ್ಲ."

ಅಪ್ಪ ಕಿಟಕಿಯಿಂದ ಹೊರಗೆ ನೋಡಿದ. "ಅದೊಂದು ನನಗೆ ಹೊಳೀಲಿಲ್ಲ," ಅಂದ. ನನ್ನ ಕೆನ್ನೆ ಮುಟ್ಟಲು ಕೈ ಎತ್ತಿ, ಗೇರ್ ಬದಲಾಯಿಸುತ್ತಿದ್ದೇನೆಂದು ಇಳಿಸಿದ.

ಮನೆಗೆ ಬಂದ ಮೇಲೆ ರೋಟರನ್ನು ಕಿತ್ತು ಅವನ ಕೈಗೇ ಕೊಟ್ಟೆ. "ನೀನೇ ಇಟ್ಕೋ. ಮಂಗಳವಾರ ಬೆಳಿಗ್ಗೆ ನೀನೇ ಕೊಡಬೇಕು. ಕದಿಯೋದು ಬೇಡ, ಸುಳ್ಳು ಹೇಳೋದು ಬೇಡ."

"ಕೊಡದಿದ್ರೆ?"

"ಕೊಡ್ತೀಯ."

ಈ ದಿನದ ಷರಾ ಬರೆಯಲು ಕೂತೆ. ಏನೂ ತೋಚಲಿಲ್ಲ.

22 ಫೆಬ್ರವರಿ, ಶನಿವಾರ

ಯತೀಶಣ್ಣ ನನ್ನ ಜೆರಾಕ್ಸ್ ಅಂಗಡಿಗೇ ಬಂದು ಟೇಬಲ್ ಮೇಲೆ ಒಂದು ಪುಟ್ಟ ಪೊಟ್ಟಣ ಇಟ್ಟ. "ಸಾಗರದಿಂದ ತರ್ಸಿದೆ. ಹೊಸ ರೋಟರ್. ಹಳೇದು ಮತ್ತೆ ಎಲ್ಲಾದ್ರೂ ಹೋದ್ರೆ ಇರಲಿ. ದೇವರಾಜಣ್ಣಂಗೆ ಗೊತ್ತಾಗೋದು ಬೇಡ."

ಇನ್ನು ಕಾರಿಗೆ ಅಪ್ಪನ ಅಪ್ಪಣೆ ಬೇಕಿಲ್ಲ. ಪೊಟ್ಟಣವನ್ನು ನನ್ನ ಹಳೇ ಜಾಮಿಟ್ರಿ ಬಾಕ್ಸಿನಲ್ಲಿ, ಕೈವಾರದ ಕೆಳಗೆ ಇಟ್ಟಿದ್ದೇನೆ.

25 ಫೆಬ್ರವರಿ, ಮಂಗಳವಾರ

ಕೈ ಚಾಚಿದೆ. ಕೊಟ್ಟ. ರೈಟ್ ಅಂದ. ಅಮ್ಮ ಹಿಂದಿನ ಸೀಟಿನಲ್ಲಿ ಕೂತು ಬಂದಳು, ಅಪ್ಪನಿಗಾಗಿ.

27 ಫೆಬ್ರವರಿ, ಗುರುವಾರ

ಅಂಗಡಿಯಿಂದ ಬಂದಾಗ ಅಪ್ಪ ಜಗುಲಿಯಲ್ಲಿ ನನಗಾಗಿ ಕಾದಿದ್ದ. ಅಮ್ಮ ಹಿತ್ತಲಲ್ಲಿದ್ದಳು.

"ಒಂದು ಅರ್ಜಿ ಇದೆ," ಅಂದ, ನನ್ನ ಧಾಟಿಯಲ್ಲೇ. "ಹದಿನಾಲ್ಕು ತಿಂಗಳಿಂದ ಡ್ಯೂಟಿ ಮಾಡ್ತಿರೋ ನೌಕರನಿಗೆ ಒಂದು ವೀಕ್ಲಿ ಆಫ್ ಮಂಜೂರು ಮಾಡ್ಬೇಕು. ಬಸ್ ಮಾಲೀಕನೂ ಕೊಡ್ತಿದ್ದ."

"ಯಾವತ್ತು?"

"ನಾಳೆ. ಒಂದೇ ಒಂದು ಶುಕ್ರವಾರ. ಮಂಗಳವಾರ ನಾನೇ ಹೋಗಿ ಸೀಟಲ್ಲಿ ಕೂತ್ಕೋತೀನಿ."

ಆಗಲ್ಲ ಅಂದೆ. ಅಪ್ಪ ಜಗ್ಗಾಡಲಿಲ್ಲ. ತಲೆ ಆಡಿಸಿ, ಊದಿದ ಪಾದಗಳನ್ನು ಎತ್ತಿ ಸ್ಟೂಲಿನ ಮೇಲಿಟ್ಟ. ಒಂದು ಕೈಯಲ್ಲಿ ಆಗದೆ ಎರಡೂ ಕೈಯಿಂದ ಎತ್ತಿದ.

28 ಫೆಬ್ರವರಿ, ಶುಕ್ರವಾರ

ಬೆಳಿಗ್ಗೆ ಕೈ ಚಾಚಿದೆ. ಅಪ್ಪ ಕೈಯನ್ನು ಜೇಬಿನಲ್ಲೇ ಇಟ್ಟುಕೊಂಡು ನನ್ನನ್ನು ನೋಡಿದ.

ಜಾಮಿಟ್ರಿ ಬಾಕ್ಸ್ ನನ್ನ ಬ್ಯಾಗಿನಲ್ಲಿತ್ತು, ಬ್ಯಾಗು ನನ್ನ ಹೆಗಲ ಮೇಲಿತ್ತು.

ಕಾರಿನಲ್ಲಿ ಕೂತು ಖಾಲಿ ಸೆಲ್ಫ್ ಹೊಡೆದೆ. ಮನೆಯವರಿಗೆಲ್ಲ ಕೇಳುವಂತೆ ಎಂಟು ಸಲ. ಅಜ್ಜಿ, "ತೆಗ್ದಿದ್ ಹಾಕೇ, ನಿನ್ನ ಕಾಲು ಹಿಡೀತೀನಿ," ಅಂದಳು. ಅಮ್ಮ ನನ್ನ ಕಡೆ ನೋಡದೆ ಗೂಡ್ಸ್ ಆಟೋಗೆ ಫೋನ್ ಮಾಡಿದಳು. ಅಪ್ಪ, "ಆ ಆಟೋ ಬೇಡ ಶಶಿ. ಒಂದು ದಿನ ಬಿಡು, ಮಂಗಳವಾರ ಹೋಗೇ ಹೋಗ್ತೀನಿ," ಅಂದ. ಹೆಸರು ಹಿಡಿದು ಕರೆದದ್ದಕ್ಕೋ ಏನೋ, ಅಮ್ಮ ಫೋನ್ ಇಟ್ಟಳು.

ಮಧ್ಯಾಹ್ನ ನನ್ನ ಹತ್ತಿರ ಒಂದು ಚೊಂಬು ನೀರು ಕೇಳಿದ. ದಿನಕ್ಕೆ ಸಣ್ಣ ಲೋಟದಲ್ಲಿ ಅಳೆದು ಐದು ಲೋಟ, ಅದಕ್ಕಿಂತ ಹೆಚ್ಚು ಕೊಡುವಂತಿಲ್ಲ. ಕೊಟ್ಟೆ. ಬಾವಿಯ ನೀರು. ಎತ್ತಿ ಗಟಗಟ ಕುಡಿದ, ಅಂಗಿಯ ಮುಂಭಾಗ ಒದ್ದೆಯಾಯಿತು. ಚೊಂಬು ಕೆಳಗಿಟ್ಟು, "ಹಾ," ಅಂದ. ದೀಪಾವಳಿಯ ನಂತರ ಅವನ ಮುಖ ಹಾಗಿದ್ದದ್ದು ಇವತ್ತೇ.

1 ಮಾರ್ಚ್, ಶನಿವಾರ

ರಾತ್ರಿ ಮಲಗಲಾಗದೆ ಕೂತೇ ಇದ್ದನಂತೆ. ಈಗ ಪರವಾಗಿಲ್ಲ ಅನ್ನುತ್ತಾನೆ. ಪಾದದ ಗುಳಿ ಅರವತ್ತು ಎಣಿಸಿದರೂ ತುಂಬಲಿಲ್ಲ. ಇವತ್ತೇ ಹೋಗೋಣ ಅಂದೆ. ಮಂಗಳವಾರ ಅಂದ.

2 ಮಾರ್ಚ್, ಭಾನುವಾರ

ಮತ್ತೆ ಕೇಳಿದೆ. ಮಂಗಳವಾರ ಅಂದ. ಬಾಕ್ಸ್ ತೆಗೆದು ಪೊಟ್ಟಣ ಬಿಚ್ಚಿ ನೋಡಿ ಮತ್ತೆ ಕಟ್ಟಿಟ್ಟೆ.

3 ಮಾರ್ಚ್, ಸೋಮವಾರ

ಬೆಳಿಗ್ಗೆ ಆರಕ್ಕೆ ಕಾಫಿ ಕೊಡಲು ಹೋದಾಗ ಅಪ್ಪ ಜಗುಲಿಯ ಕುರ್ಚಿಯಲ್ಲಿದ್ದ. ಕೈ ಜೇಬಿನಲ್ಲಿತ್ತು. ತಣ್ಣಗಿದ್ದ.

21 ಮಾರ್ಚ್, ಶುಕ್ರವಾರ

ಗಂಗಾಶ್ರೀ ಸಿಸ್ಟರ್ ಮೊನ್ನೆ ಫೋನ್ ಮಾಡಿದ್ದರು. ಒಡೆಯದ ಇಂಜೆಕ್ಷನ್ ಉಳಿದಿದ್ದರೆ ತಂದುಕೊಡಿ, ಇನ್ನೊಬ್ಬರಿಗೆ ಆಗುತ್ತದೆ ಎಂದು. ಅಮ್ಮ ಫ್ರಿಜ್ಜಿನಿಂದ ತೆಗೆದು ಅದೇ ಚೀಲಕ್ಕೆ ತುಂಬಿದಳು. ಇವತ್ತೇ ಹೋಗೋಣ ಅಂದಳು. ಆರೂಕಾಲಕ್ಕೆ ಇಬ್ಬರೂ ಅಂಗಳದಲ್ಲಿದ್ದೆವು.

ಕಾರಿಗೆ ಧೂಳು ಕೂತಿತ್ತು. ಅಜ್ಜಿ ಇಟ್ಟ ನಿಂಬೆಹಣ್ಣು ಚಕ್ರದ ಬದಿಯಲ್ಲಿ ಒಣಗಿ ಕಪ್ಪಾಗಿತ್ತು. ಮರೆತು ಕೀ ತಿರುಗಿಸಿದೆ. ಕಿರ್ ಕಿರ್ ಎಂದಿತು.

"ತೆಗ್ದಿದ್ದು ಹಾಕು," ಅಂದಳು ಅಮ್ಮ. ಅಂದ ಮೇಲೆ ಸೆರಗು ಬಾಯಿಗೆ ಒತ್ತಿಕೊಂಡಳು. ಅಭ್ಯಾಸಕ್ಕೆ ಬಂದ ಮಾತು.

ಬಾನೆಟ್ ಎತ್ತಿ, ಕ್ಲಿಪ್ ಬಿಚ್ಚಿ, ಬ್ಯಾಗಿನಿಂದ ಜಾಮಿಟ್ರಿ ಬಾಕ್ಸ್ ತೆಗೆದೆ. ಅಮ್ಮ ಪಕ್ಕಕ್ಕೆ ಬಂದು ನಿಂತಳು.

"ಅವತ್ತು ನಿನ್ನ ಕೈಯಲ್ಲಿದ್ದದ್ದು ಇದಲ್ಲ. ಅದು ಹಳೇದಿತ್ತು."

"ಇದು ಹೊಸದು."

"ಹಳೇದೆಲ್ಲಿ?"

"ಅಪ್ಪನ ಸ್ವೆಟರ್ ಜೇಬಲ್ಲಿತ್ತು." ಸ್ವೆಟರ್ ಅವನ ಜೊತೆಗೇ ಹೋಯಿತು. ಚಳಿಯಾಗುತ್ತದೆ, ಹಾಕಿಯೇ ಕಳಿಸಿ ಎಂದಿದ್ದವಳು ಅಮ್ಮನೇ.

ಅಮ್ಮ ಬಹಳ ಹೊತ್ತು ಖಾಲಿ ಕಡ್ಡಿಯನ್ನು ನೋಡಿದಳು. ಆಮೇಲೆ ನನ್ನ ಕೆನ್ನೆಯನ್ನು ನೋಡಿದಳು.

"ಹೊಸದು ಯಾವಾಗ ತಂದಿದ್ದು?"

ಇವತ್ತು ಅನ್ನಬಹುದಿತ್ತು. ಯತೀಶಣ್ಣನೂ ಹೌದು ಅನ್ನುತ್ತಿದ್ದ.

"ಫೆಬ್ರವರಿ ಇಪ್ಪತ್ತೆರಡಕ್ಕೆ."

ಅಮ್ಮನ ತುಟಿ ಅಲ್ಲಾಡಿತು, ವಾರ ಎಣಿಸುತ್ತಿದ್ದಳು. "ಆ ಶುಕ್ರವಾರ ನಿನ್ನ ಹತ್ರ ಇತ್ತು."

"ಇತ್ತು."

ಹೊಡೆಯುತ್ತಾಳೆ ಎಂದು ನಿಂತೇ ಇದ್ದೆ. ಹೊಡೆಯಲಿಲ್ಲ. ಹಿಂದಿನ ಬಾಗಿಲು ತೆಗೆದು, ಚೀಲ ಮಡಿಲಲ್ಲಿಟ್ಟುಕೊಂಡು ಕೂತಳು.

ತುಂಡು ಸಿಕ್ಕಿಸಿ ಕೀ ತಿರುಗಿಸಿದೆ. ಒಂದೇ ಸಲಕ್ಕೆ ಹಿಡಿಯಿತು. ಪಕ್ಕದ ಸೀಟು ಖಾಲಿ. ಕ್ಲಚ್ ಒತ್ತಿ ಹಿಡಿದು ಕಾದೆ. ಹಿಂದಿನಿಂದಲೂ ಯಾರೂ ರೈಟ್ ಅನ್ನಲಿಲ್ಲ.

ಗೇರ್ ಹಾಕಿದೆ.